ಹಳೇ ಜರ್ಮನ್ ಮಾರ್ಕ್ ನೋಟಿಗೆ ಬೆಲೆ ಇದೆಯಾ?

ಅಜ್ಜನ ಟ್ರಂಕಿನಲ್ಲಿ ಸಿಕ್ಕ 100 ಮಾರ್ಕ್ ನೋಟಿನ ಬಗ್ಗೆ ಕೇಳಿದ್ದೀರಿ. ಅದರ ಮೇಲೆ ‘ಡಾಯ್ಚೆ ಬುಂಡೆಸ್‌ಬ್ಯಾಂಕ್’ (ಜರ್ಮನಿಯ ಕೇಂದ್ರ ಬ್ಯಾಂಕು) ಅಂತ ಇದ್ದರೆ ಎಸೆಯಬೇಡಿ. ಅಂಗಡಿಯಲ್ಲಿ ನಡೆಯುವುದಿಲ್ಲ, 2002ರಲ್ಲೇ ಯೂರೋ ನೋಟು ಬಂತಲ್ವಾ. ಆದರೆ ಆ ಬ್ಯಾಂಕು ಇವತ್ತಿಗೂ ಬದಲಿಸಿ ಕೊಡುತ್ತದೆ, ಗಡುವೇ ಇಲ್ಲ. 1 ಯೂರೋಗೆ 1.95583 ಮಾರ್ಕ್ ಲೆಕ್ಕ. ನಿಮಗೆ 51 ಯೂರೋ ಚಿಲ್ಲರೆ ಸಿಗುತ್ತದೆ. ಪೂರ್ವ ಜರ್ಮನಿಯ ಮಾರ್ಕ್ ಆಗಿದ್ದರೆ ಮಾತ್ರ ಬದಲಿಸುವುದಿಲ್ಲ, ಅದರ ಕಥೆ 1990ರಲ್ಲೇ ಮುಗಿಯಿತು.

ನಿಮ್ಮ ನೋಟಿನ ವಂಶ ಶುರುವಾಗಿದ್ದು 1948ರ ಜೂನ್‌ನಲ್ಲಿ. ಯುದ್ಧದ ನಂತರ ಹಳೇ ರೈಖ್ಸ್‌ಮಾರ್ಕ್‌ಗೆ ಕಿಮ್ಮತ್ತೇ ಇರಲಿಲ್ಲ, ಸಂತೆಯಲ್ಲಿ ಸಿಗರೇಟೇ ದುಡ್ಡು! ಹೊಸ ಮಾರ್ಕ್ ಮೊದಲ ಕಂತಿನಲ್ಲಿ ತಲೆಗೆ 40ರಂತೆ ಹಂಚಿದರು. ವ್ಯಾಪಾರಿಗಳು ಬಚ್ಚಿಟ್ಟಿದ್ದ ಸಾಮಾನೆಲ್ಲ ರಾತ್ರೋರಾತ್ರಿ ಅಂಗಡಿಯ ಕಪಾಟಿಗೆ ಬಂತು.