ಇನ್‌ಸೈಡರ್ ಟ್ರೇಡಿಂಗ್: ಒಬ್ಬರಿಗೆ 11 ವರ್ಷ, ಇನ್ನೊಬ್ಬರಿಗೆ 2 ವರ್ಷ ಏಕೆ?

ಪ್ರಶ್ನೆ: ಅಮೆರಿಕದ ಗ್ಯಾಲಿಯನ್ ಹೆಡ್ಜ್ ಫಂಡ್‌ನ (ಶ್ರೀಮಂತರ ಹಣ ಹೂಡುವ ನಿಧಿ) ಇನ್‌ಸೈಡರ್ ಟ್ರೇಡಿಂಗ್, ಅಂದರೆ ಕಂಪನಿಗಳ ಅಪ್ರಕಟಿತ ಮಾಹಿತಿ ಬಳಸಿ ಷೇರು ವಹಿವಾಟು ನಡೆಸಿದ ಪ್ರಕರಣದಲ್ಲಿ, ಅದರ ಸ್ಥಾಪಕ ರಾಜ್ ರಾಜರತ್ನಂ ಅವರಿಗೆ 11 ವರ್ಷ, ರಜತ್ ಗುಪ್ತಾ ಅವರಿಗೆ ಎರಡೇ ವರ್ಷ ಸೆರೆಯಾಯಿತು. ಇಷ್ಟು ಅಂತರವೇಕೆ? ಸ್ವತಃ ಲಾಭ ಮಾಡಿಕೊಳ್ಳದೆ ಸುಳಿವು ಮಾತ್ರ ಕೊಟ್ಟವರಿಗೆ ಭಾರತದಲ್ಲಿ ಶಿಕ್ಷೆಯಿದೆಯೇ?

ಉತ್ತರ: ಇಬ್ಬರ ಪಾತ್ರ ಒಂದೇ ಆಗಿರಲಿಲ್ಲ. ರಾಜರತ್ನಂ ಹಲವು ಕಂಪನಿಗಳ ಗುಟ್ಟುಗಳನ್ನು ವರ್ಷಗಟ್ಟಲೆ ಸಂಗ್ರಹಿಸಿ ವಹಿವಾಟು ನಡೆಸಿದವರು. 2011ರಲ್ಲಿ 14 ಆರೋಪಗಳೂ ಸಾಬೀತಾದವು. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ನಿರ್ದೇಶಕರಾಗಿದ್ದ ಗುಪ್ತಾ, ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಕಂಪನಿ ಗೋಲ್ಡ್‌ಮನ್‌ನಲ್ಲಿ 500 ಕೋಟಿ ಡಾಲರ್ ಹೂಡಲಿದೆ ಎಂಬ ವಿಷಯ 2008ರ ಸೆಪ್ಟೆಂಬರ್ 23ರಂದು ಮಂಡಳಿಯ ದೂರವಾಣಿ ಸಭೆಯಲ್ಲಿ ತಿಳಿದ ಒಂದು ನಿಮಿಷದೊಳಗೆ ರಾಜರತ್ನಂ ಅವರಿಗೆ ಕರೆ ಮಾಡಿದ್ದರು. ಆ ಸುಳಿವಿನ ಮೇಲೆ ರಾಜರತ್ನಂ ನಡೆಸಿದ ಷೇರು ವಹಿವಾಟಿನಿಂದ ಗುಪ್ತಾ ಅವರ ಕೈಗೆ ನೇರವಾಗಿ ಹಣ ಬಂದಿರಲಿಲ್ಲ.

ಆದರೂ ಅಪರಾಧಕ್ಕೆ ಅಂಕ ಕೊಟ್ಟು ಸೆರೆಯ ಅವಧಿ ಸೂಚಿಸುವ ಅಲ್ಲಿನ ಫೆಡರಲ್ ಶಿಕ್ಷಾ ಮಾರ್ಗಸೂಚಿ ಸುಳಿವು ಪಡೆದವರ ಲಾಭವನ್ನೂ ಸುಳಿವು ಕೊಟ್ಟವರ ಲೆಕ್ಕಕ್ಕೇ ಸೇರಿಸುತ್ತದೆ. ಗುಪ್ತಾ ಅವರ ವಿಷಯದಲ್ಲಿ ಅಪರಾಧದ ಮೂಲ ಅಂಕ 8, ಐವತ್ತು ಲಕ್ಷ ಡಾಲರ್ ಮೀರಿದ ಲಾಭಕ್ಕೆ 18, ವಿಶ್ವಾಸದ್ರೋಹಕ್ಕೆ ಕೇವಲ 2. ಒಟ್ಟು 28 ಅಂಕಗಳಿಗೆ 78ರಿಂದ 97 ತಿಂಗಳ ಸೆರೆ. ಈ ಮಾರ್ಗಸೂಚಿ 2005ರಿಂದ ಸಲಹಾರೂಪದ್ದಾದ್ದರಿಂದ, ಈ ಅಂಕಗಣಿತವನ್ನು ಕಟುವಾಗಿ ಟೀಕಿಸಿದ ನ್ಯಾಯಾಧೀಶ ಜೆಡ್ ರಾಕಾಫ್, ಅಪರಾಧದ ತಿರುಳು ಲಾಭವಲ್ಲ, ಮಂಡಳಿಗೆ ಬಗೆದ ದ್ರೋಹ ಎಂದರು. ಗುಪ್ತಾ ಅವರ ಸೇವಾಕಾರ್ಯಗಳನ್ನೂ ಪರಿಗಣಿಸಿ 2012ರ ಅಕ್ಟೋಬರ್‌ನಲ್ಲಿ ಎರಡು ವರ್ಷ ಸೆರೆ, 50 ಲಕ್ಷ ಡಾಲರ್ ದಂಡ ವಿಧಿಸಿದರು. ಲಾಭದ ಲೆಕ್ಕವನ್ನು ಬದಿಗಿಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ದ್ರೋಹವೇ ತಿರುಳೆಂದು ಒಪ್ಪಿದ ಮೇಲೆ ಶಿಕ್ಷೆ ಅಷ್ಟು ಕೆಳಗಿಳಿದದ್ದು ಆ ತರ್ಕಕ್ಕೆ ಹೊಂದುವುದಿಲ್ಲ. ರಾಜರತ್ನಂ ಅವರ 11 ವರ್ಷವೂ ರಿಯಾಯಿತಿಯದೇ: ಪ್ರಾಸಿಕ್ಯೂಷನ್ 19 ವರ್ಷಕ್ಕೂ ಹೆಚ್ಚು ಕೇಳಿತ್ತು, ರಾಜರತ್ನಂ ಅವರ ಅನಾರೋಗ್ಯವನ್ನು ನ್ಯಾಯಾಧೀಶ ರಿಚರ್ಡ್ ಹೋಲ್‌ವೆಲ್ ಗಮನಿಸಿದರು.

ನಮ್ಮಲ್ಲಿ ಇಂಥ ಅಂಕಪಟ್ಟಿಯಿಲ್ಲ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ಕಾಯ್ದೆಯ 24ನೇ ಕಲಂ ಹತ್ತು ವರ್ಷದವರೆಗಿನ ಸೆರೆ, 25 ಕೋಟಿ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆಯಾದರೂ, ವಾಸ್ತವದಲ್ಲಿ ಬಹುಪಾಲು ಪ್ರಕರಣಗಳು ಕ್ರಿಮಿನಲ್ ನ್ಯಾಯಾಲಯದ ಮೆಟ್ಟಿಲೇರದೆ, ಸೆಬಿ ಆದೇಶದ ದಂಡ, ಅಕ್ರಮ ಲಾಭದ ವಸೂಲಿ ಮತ್ತು ಮಾರುಕಟ್ಟೆ ನಿಷೇಧದಲ್ಲೇ ಮುಗಿಯುತ್ತವೆ. ಸುಳಿವು ಕೊಟ್ಟವರೂ ಇದರಿಂದ ಹೊರತಲ್ಲ: 2015ರ ನಿಯಮಾವಳಿಯ ಪ್ರಕಾರ, ಬೆಲೆಯ ಮೇಲೆ ಪರಿಣಾಮ ಬೀರಬಲ್ಲ ಅಪ್ರಕಟಿತ ಮಾಹಿತಿಯನ್ನು ನ್ಯಾಯಬದ್ಧ ಕಾರಣವಿಲ್ಲದೆ ಹಂಚಿಕೊಳ್ಳುವುದೇ ಉಲ್ಲಂಘನೆ, ಒಂದು ಷೇರನ್ನೂ ಕೊಳ್ಳದಿದ್ದರೂ ಕನಿಷ್ಠ ಹತ್ತು ಲಕ್ಷ ರೂಪಾಯಿ ದಂಡಕ್ಕೆ ಗುರಿಯಾಗಬಹುದು.