ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಇನ್‌ಸ್ಟಾಗ್ರಾಂ ಸಾಕಾ, ಬ್ಲಾಗ್ ಕೂಡ ಬೇಕಾ?

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರುತ್ತೀರಿ, ಇನ್‌ಸ್ಟಾಗ್ರಾಂನಲ್ಲಿ ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ, ಬ್ಲಾಗ್ ಬರೆದರೆ ಪ್ರಯೋಜನ ಇದೆಯಾ ಎಂದು ಕೇಳಿದ್ದೀರಿ. ಇದೆ. ಆದರೆ ಬಂದ ಗಿರಾಕಿ ಎಲ್ಲಿ ತಪ್ಪಿಹೋಗುತ್ತಿದ್ದಾರೆ ಎಂದು ಮೊದಲು ನೋಡಿ.

ಹೆಚ್ಚಾಗಿ ತಪ್ಪುವುದು ಬೆಲೆಯ ಹತ್ತಿರ. ‘ಬೆಲೆಗೆ ಮೆಸೇಜ್ ಮಾಡಿ’ ಎಂದಿದ್ದರೆ ಕೇಳಲು ಸಂಕೋಚಪಡುವವರು ಅಲ್ಲಿಂದಲೇ ಹೋಗಿಬಿಡುತ್ತಾರೆ. ಅರ್ಧ ಕೆಜಿಗೆ ಎಷ್ಟು, ಒಂದು ಕೆಜಿಗೆ ಎಷ್ಟು, ಬೆಂಗಳೂರಿಗೆ ಕಳಿಸುವ ಖರ್ಚು ಎಷ್ಟು, ಎಷ್ಟು ದಿನಕ್ಕೆ ತಲುಪುತ್ತದೆ, ಎಲ್ಲವನ್ನೂ ಪೋಸ್ಟಿನಲ್ಲೇ ಬರೆಯಿರಿ. ಪೋಸ್ಟಿನ ಕೆಳಗಿನ ಬರಹದಲ್ಲಿ ಲಿಂಕ್ ಹಾಕಿದರೆ ಅದು ಒತ್ತಿದರೂ ತೆರೆಯುವುದಿಲ್ಲ. ವಾಟ್ಸಾಪ್ ಬಿಸಿನೆಸ್ ಆಪ್‌ನಲ್ಲಿ ನಿಮ್ಮ ನಂಬರಿಗೆ ಒಂದು ಕಿರುಲಿಂಕ್ ಸಿಗುತ್ತದೆ, ಅದನ್ನು ಇನ್‌ಸ್ಟಾಗ್ರಾಂ ಪ್ರೊಫೈಲಿನ ಬಯೋದಲ್ಲಿ (ಹೆಸರಿನ ಕೆಳಗಿನ ಪರಿಚಯದ ಜಾಗ) ಹಾಕಿ.

ಇನ್‌ಸ್ಟಾಗ್ರಾಂ ನಿಮ್ಮನ್ನು ಪರಿಚಯಿಸುತ್ತದೆ, ಅಷ್ಟೇ. ವರ್ಷ ವರ್ಷವೂ ಕೊಳ್ಳುವವರು ಉಳಿಯುವುದು ವಾಟ್ಸಾಪ್‌ನಲ್ಲಿ. ಅಲ್ಲಿ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಒಂದು ಸಂದೇಶ ಹಾಕಿದರೆ ಎಲ್ಲರಿಗೂ ಬೇರೆಬೇರೆಯಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿಲ್ಲದಿದ್ದರೆ ಸಂದೇಶ ತಲುಪುವುದೇ ಇಲ್ಲ, ಅದು ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಪ್ರತಿ ಪಾರ್ಸಲ್ ಒಳಗೂ ಒಂದು ಚೀಟಿ ಇಡಿ: ‘ಈ ನಂಬರ್ ಸೇವ್ ಮಾಡಿಕೊಂಡು ಒಂದು ಮೆಸೇಜ್ ಹಾಕಿ, ಮುಂದಿನ ವರ್ಷ ಮಿಡಿ ಬಂದಾಗ ತಿಳಿಸುತ್ತೇವೆ.’ ಕೇಳದೆ ಯಾರನ್ನೂ ಪಟ್ಟಿಗೆ ಸೇರಿಸಬೇಡಿ, ಬ್ಲಾಕ್ ಮಾಡುತ್ತಾರೆ.

ಇನ್ನು ಬ್ಲಾಗ್. ರೀಲ್ಸ್ ಕೆಲವು ದಿನ ಓಡಿ ನಿಲ್ಲುತ್ತದೆ, ಬ್ಲಾಗ್ ಬರಹ ಗೂಗಲ್‌ನಲ್ಲಿ ಹುಡುಕುವವರಿಗೆ ವರ್ಷಗಟ್ಟಲೆ ಸಿಗುತ್ತದೆ. ಮಲೆನಾಡಿನ ಸೌಂದರ್ಯದ ಬಗ್ಗೆ ಬರೆಯಬೇಡಿ, ಗಿರಾಕಿ ನಿಮ್ಮನ್ನು ಫೋನಿನಲ್ಲಿ ಕೇಳುವ ಪ್ರಶ್ನೆಯನ್ನೇ ತಲೆಬರಹ ಮಾಡಿ. ‘ಇದರಲ್ಲಿ ಎಣ್ಣೆ ಇಲ್ಲವಲ್ಲ, ಕೆಡುವುದಿಲ್ಲವಾ?’ ಎಂಬುದು ಎಣ್ಣೆ ತೇಲುವ ಉಪ್ಪಿನಕಾಯಿ ತಿಂದು ಅಭ್ಯಾಸವಾದವರ ನಿಜವಾದ ಅನುಮಾನ. ಉಪ್ಪು, ಸಾಸಿವೆ, ಮಿಡಿಯ ಹುಳಿ ಸೇರಿ ಹೇಗೆ ಕಾಪಾಡುತ್ತವೆ, ಒದ್ದೆ ಚಮಚ ಹಾಕಿದರೆ ಯಾಕೆ ಬೂಸ್ಟು ಬರುತ್ತದೆ, ಮಿಡಿ ರಸದಲ್ಲಿ ಮುಳುಗಿರಬೇಕು ಯಾಕೆ ಎಂದು ವಿವರಿಸಿ. ತೊಟ್ಟು ಸಹಿತ ಕೊಯ್ದ ಮಿಡಿಗೂ ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿಗೂ ಇರುವ ವ್ಯತ್ಯಾಸಕ್ಕೆ ಇನ್ನೊಂದು ಬರಹ ಬೇಕು. ಜೀರಿಗೆ ಪರಿಮಳದ ಮಿಡಿ ಬೇರೆ, ಬರೀ ಹುಳಿ ಮಿಡಿ ಬೇರೆ ಎಂದು ತಿಳಿದವರು ಬೆಲೆಗೆ ಚೌಕಾಸಿ ಮಾಡುವುದೂ ಕಡಿಮೆ. ಇದನ್ನೆಲ್ಲ ನಿಮ್ಮಷ್ಟು ಚೆನ್ನಾಗಿ ಪೇಟೆಯ ಯಾವ ಏಜೆನ್ಸಿಯೂ ಬರೆಯಲಾರದು, ದಯವಿಟ್ಟು ಹೊರಗಿನವರಿಗೆ ಒಪ್ಪಿಸಬೇಡಿ.

ತಿಂಗಳಿಗೆ ಎರಡು ಬರಹ ಸಾಕು. ಆದರೆ ಮಿಡಿ ಕೊಯ್ಲಿಗೆ ಎರಡು ಮೂರು ತಿಂಗಳು ಮೊದಲೇ ಹಾಕಿ. ಹೊಸ ಬ್ಲಾಗ್ ಹುಡುಕಾಟದಲ್ಲಿ ಮೇಲೆ ಬರಲು ಸಮಯ ಹಿಡಿಯುತ್ತದೆ, ಕೊಯ್ಲಿನ ದಿನ ಬರೆದದ್ದು ಆ ವರ್ಷದ ವ್ಯಾಪಾರಕ್ಕೆ ಒದಗುವುದಿಲ್ಲ. ಅದೇ ಬರಹದ ಒಂದೊಂದು ಅಂಶವನ್ನು 30 ಸೆಕೆಂಡಿನ ರೀಲ್ಸ್ ಮಾಡಿ. ಫೋನನ್ನು ನೆಟ್ಟಗೆ ಹಿಡಿದು, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಸದ್ದಿಲ್ಲದೆ ನೋಡುವವರೂ ಇರುತ್ತಾರೆ, ಪರದೆಯ ಮೇಲೆ ಕನ್ನಡದಲ್ಲಿ ಅಕ್ಷರ ಬರಲಿ.

ಲೇಬಲ್ಲಿನ ಫೋಟೊದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಕಾಣಬೇಕು. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ ನಿಜ, ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಜಿಐ ಲೋಗೋ ಹಾಕಬೇಡಿ.

ಜಾಹೀರಾತಿಗೆ ದುಡ್ಡು ಹಾಕುವುದು ಇಷ್ಟೆಲ್ಲ ಆದ ಮೇಲೆ. ಲೈಕ್ ಬಂದ ಪೋಸ್ಟನ್ನು ಸುಮ್ಮನೆ ಬೂಸ್ಟ್ ಮಾಡಿದರೆ (ದುಡ್ಡು ಕೊಟ್ಟು ಹೆಚ್ಚು ಜನಕ್ಕೆ ತೋರಿಸಿದರೆ) ಇನ್ನಷ್ಟು ಲೈಕ್ ಬರಬಹುದು, ಆರ್ಡರ್ ಅಲ್ಲ. ಉದ್ದೇಶ ‘ಮೆಸೇಜ್’ ಎಂದು ಆರಿಸಿ, ಊರು ಬೆಂಗಳೂರು ಮಾತ್ರ ಇಡಿ, ದಿನಕ್ಕೆ 100 ರೂಪಾಯಿಯಂತೆ ಒಂದು ವಾರ ನೋಡಿ. ಅದರ ಮೇಲೆ ಬೀಳುವ 18% ಜಿಎಸ್‌ಟಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಭರಣಿ ಖಾಲಿಯಾದ ದಿನವೇ ಜಾಹೀರಾತು ನಿಲ್ಲಿಸಿ, ‘ಈ ವರ್ಷದ್ದು ಮುಗಿಯಿತು, ಮುಂದಿನದಕ್ಕೆ ಹೆಸರು ಬರೆಸಿ’ ಎಂಬ ಪೋಸ್ಟನ್ನು ಪ್ರೊಫೈಲಿನ ಮೇಲೆ ಪಿನ್ ಮಾಡಿಡಿ.