ಹೆಂಡತಿಗೆ ಹೇಳದೆ ಒಂದು ರಾತ್ರಿ ಟೆಂಟ್: ಗ್ರಾಸ್‌ಲ್ಯಾಂಡ್ಸ್ ಒಳ್ಳೆಯದಾ, ಸೈಪ್ರೆಸ್ ಹಿಲ್ಸ್ ಒಳ್ಳೆಯದಾ?

ಒಬ್ಬರು ಕೇಳಿದ್ದಾರೆ: ಮದುವೆಯಾಗಿ ಒಂದು ವರ್ಷ, ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರೆಜೈನಾದಲ್ಲಿ ಮನೆ, ಜೂನ್ ತಿಂಗಳು, ಹೆಂಡತಿಗೆ ಗುಟ್ಟಾಗಿ ಕ್ಯಾಂಪಿಂಗ್, ಗ್ರಾಸ್‌ಲ್ಯಾಂಡ್ಸ್ ಪಾರ್ಕಿಗೆ ಹೋಗಲಾ, ಸೈಪ್ರೆಸ್ ಹಿಲ್ಸ್ ಪಾರ್ಕಿಗಾ? ನಾನೂ ಇದನ್ನೇ ಮಾಡಿದ್ದೆ. ಜಾಗದ ವಿಷಯ ಆಮೇಲೆ. ಮೊದಲು ಆ ಸರ್‌ಪ್ರೈಸ್ ಬಿಟ್ಟುಬಿಡಿ.

ನಾನು ಗದಗ ಕಡೆಯವನು. ಬಯಲುಸೀಮೆ ನನಗೆ ಹೊಸದಲ್ಲ ಅಂದುಕೊಂಡು ಗ್ರಾಸ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ನ ಪಶ್ಚಿಮ ಭಾಗದಲ್ಲಿ, ವಾಲ್ ಮೇರಿ ಊರಿನ ಹತ್ತಿರ, ಟೆಂಟಿಗೆ ಜಾಗ ಬುಕ್ ಮಾಡಿದೆ. ಅವಳಿಗೆ ಹೇಳಿದ್ದು "ಸ್ವಿಫ್ಟ್ ಕರೆಂಟಿನಲ್ಲಿ ಹೋಟೆಲ್" ಅಂತ, ಅದು ದಾರಿಯಲ್ಲಿ ಸಿಗುವ ಊರು. ಅವಳು ಅದಕ್ಕೆ ತಕ್ಕ ಹಾಗೆ ಒಳ್ಳೆ ಕುರ್ತಾ, ತೆಳ್ಳನೆ ಚಪ್ಪಲಿ ಹಾಕಿಕೊಂಡು ಬಂದಳು.

ಅವಳ ಶೂ ಬಾಗಿಲ ಪಕ್ಕದಲ್ಲೇ ಇತ್ತು. ಹೊರಡುವ ಮೊದಲು ಕೈಗೂ ತೆಗೆದುಕೊಂಡಿದ್ದೆ. ಡಿಕ್ಕಿಗೆ ಹಾಕಿದರೆ ಅವಳಿಗೆ ಗೊತ್ತಾಗಿಬಿಡುತ್ತೆ ಅಂತ ಮತ್ತೆ ಅಲ್ಲೇ ಇಟ್ಟೆ. ಟೆಂಟ್, ಸ್ಟವ್, ಹೊದಿಕೆ ಎಲ್ಲವನ್ನೂ ಹಿಂದಿನ ರಾತ್ರಿಯೇ ಮುಚ್ಚಿಟ್ಟಿದ್ದವನಿಗೆ ಒಂದು ಜೊತೆ ಶೂ ಮುಚ್ಚಿಡಲು ಆಗುತ್ತಿರಲಿಲ್ಲವಾ? ಆಗುತ್ತಿತ್ತು. ಗುಟ್ಟು ಉಳಿಯಬೇಕು ಅನ್ನುವುದೇ ತಲೆ ತುಂಬ ಇತ್ತು. ಅವಳು ನಡೆಯುವುದು ಎಲ್ಲಿ ಅಂತ ಯೋಚಿಸಲೇ ಇಲ್ಲ.

ನಮ್ಮ ಕಡೆ ಪಾಪಸುಕಳ್ಳಿ ಬೇಲಿಯಲ್ಲಿ ಆಳೆತ್ತರ ಬೆಳೆಯುತ್ತೆ, ದೂರದಿಂದಲೇ ಕಾಣುತ್ತೆ. ಅಲ್ಲಿ ಅದೇ ಜಾತಿಯ ಕಳ್ಳಿ ಹುಲ್ಲಿನೊಳಗೆ ನೆಲಕ್ಕೆ ಅಂಟಿಕೊಂಡಿರುತ್ತೆ. ಕಾರು ನಿಲ್ಲಿಸಿ ಪ್ರೇರಿ ಡಾಗ್‌ಗಳನ್ನು, ಅಂದರೆ ಬಿಲದಲ್ಲಿ ಇರುವ ಅಳಿಲಿನಂಥ ಪ್ರಾಣಿಗಳನ್ನು, ನೋಡಲು ಇಳಿದೆವು. ಕೆನಡಾದಲ್ಲಿ ಆ ಕರಿಬಾಲದ ಪ್ರಾಣಿಗಳು ಬಯಲಿನಲ್ಲಿ ತಾವಾಗಿಯೇ ಬದುಕಿರುವುದು ಆ ಸೀಮೆಯಲ್ಲಿ ಮಾತ್ರ. ಅವಳು ಅವುಗಳ ಕೂಗು ಕೇಳುತ್ತಾ ಹತ್ತು ಹೆಜ್ಜೆ ನಡೆದಿರಬೇಕು. ಚಪ್ಪಲಿಯ ಅಂಚಿನಿಂದ ಮುಳ್ಳು ಹೊಕ್ಕಿತು. ದೊಡ್ಡ ಮುಳ್ಳು ಕಿತ್ತೆವು. ಕೂದಲಿನಂಥ ಸಣ್ಣವು ಉಳಿದವು. ನನ್ನ ಹತ್ತಿರ ಚಿಮಟವೂ ಇರಲಿಲ್ಲ.

ಬಂದಿದ್ದು ನಕ್ಷತ್ರ ನೋಡಲು. 2009ರಿಂದ ಅದು ಡಾರ್ಕ್ ಸ್ಕೈ ಪ್ರಿಸರ್ವ್, ಅಂದರೆ ರಾತ್ರಿಯ ಕತ್ತಲನ್ನು ಕಾಪಾಡುವ ಜಾಗ, ಸುತ್ತ ಊರಿನ ಬೆಳಕೇ ಇಲ್ಲ. ಆದರೆ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ಗಂಟೆ ದಾಟಿದ ಮೇಲೆ. ಸರಿಯಾಗಿ ಕತ್ತಲಾಗಲು ಹೆಚ್ಚುಕಡಿಮೆ ಮಧ್ಯರಾತ್ರಿ. ಅಷ್ಟು ಹೊತ್ತು ಆ ಕಾಲಿಟ್ಟುಕೊಂಡು ಕಾಯಲು ಅವಳಿಗೆ ಆಗಲಿಲ್ಲ. ಟೆಂಟ್ ಮಡಚಿ 120 ಕಿಲೋಮೀಟರ್ ವಾಪಸ್ ಸ್ವಿಫ್ಟ್ ಕರೆಂಟಿಗೆ ಬಂದೆವು. ದಾರಿಯಲ್ಲಿ ಅವಳು ಕೇಳಿದ್ದು ಒಂದೇ: "ಹೇಳಿದ್ದರೆ ಶೂ ಹಾಕ್ಕೊಂಡು ಬರ್ತಿದ್ದೆ ಅಲ್ವಾ?"

ಮುಂದಿನ ವರ್ಷ ಮತ್ತೆ ಅಲ್ಲಿಗೇ ಹೋದೆವು, ದಿನ ಆರಿಸಿದ್ದು ಅವಳು. ಸೆಪ್ಟೆಂಬರ್, ಅಮಾವಾಸ್ಯೆ. "ಅಮಾವಾಸ್ಯೆ ದಿನ ಹೊರಡ್ತೀರಾ?" ಅಂತ ಅಮ್ಮ ಫೋನಿನಲ್ಲಿ ಗಾಬರಿಯಾದರು. ಆದರೆ ಆಕಾಶ ನೋಡಬೇಕಾದರೆ ಅದೇ ದಿನ ಬೇಕು. ಇಬ್ಬರಿಗೂ ಪಾದದ ಗಂಟು ಮುಚ್ಚುವ ಶೂ, ಯಾಕೆಂದರೆ ಅಲ್ಲಿ ವಿಷದ ರ್ಯಾಟಲ್ ಹಾವೂ ಇದೆ. ದಪ್ಪ ಜಾಕೆಟ್, ರೊಟ್ಟಿ, ಶೇಂಗಾ ಚಟ್ನಿ, ಚಿಮಟ. ಪೆಟ್ರೋಲ್ ಸ್ವಿಫ್ಟ್ ಕರೆಂಟಿನಲ್ಲೇ ತುಂಬಿಸಿದೆವು. ಪಾರ್ಕ್ ಒಳಗೆ ಬಹುಪಾಲು ಕಡೆ ಫೋನ್ ಸಿಗುವುದಿಲ್ಲ, ಅದಕ್ಕೆ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡೆವು. ಸಂಜೆ ಕಾಡುಕೋಣದಂಥ ಬೈಸನ್‌ಗಳ ಹಿಂಡು ಕಂಡಿತು. ಅವುಗಳಿಂದ ಕನಿಷ್ಠ ನೂರು ಮೀಟರ್ ದೂರದಲ್ಲೇ ಇರಬೇಕು, ಅದಕ್ಕೆ ನಾವು ಕಾರಿನಿಂದ ಇಳಿಯಲಿಲ್ಲ. ಒಂಬತ್ತಕ್ಕೆಲ್ಲ ಆಕಾಶಗಂಗೆ ಈ ತುದಿಯಿಂದ ಆ ತುದಿಗೆ ಚೆಲ್ಲಿತ್ತು. ಅವಳು ನನ್ನ ತೋಳು ಹಿಡಿದುಕೊಂಡು ಸುಮ್ನೆ ನಿಂತಿದ್ದಳು.

ಸೈಪ್ರೆಸ್ ಹಿಲ್ಸ್‌ನಲ್ಲಿ ಪೈನ್ ಮರದ ನೆರಳಿದೆ, ಕೆರೆ ಇದೆ, ಅದೂ ಚೆಂದವೇ. ಗ್ರಾಸ್‌ಲ್ಯಾಂಡ್ಸ್‌ನಲ್ಲಿ ಗಾಳಿಗೆ ಮರದ ಅಡ್ಡ ಇಲ್ಲ, ಮಳೆ ಬಂದರೆ ಮಣ್ಣಿನ ರಸ್ತೆ ಅಂಟು ಕೆಸರಾಗುತ್ತೆ. ಆದರೂ ನನ್ನ ಮನಸ್ಸು ಅಲ್ಲೇ. ಎರಡರಲ್ಲಿ ಯಾವುದು ಅಂತ ನನ್ನನ್ನು ಕೇಳಬೇಡಿ, ನಿಮ್ಮ ಹೆಂಡತಿಯನ್ನು ಕೇಳಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಕೇಳಿ.